ಜೋಲಿಯಿಂದ ಸಮತಟ್ಟು ಹಾಸಿಗೆಗೆ: ಮಗುವಿನ ನಿದ್ದೆ, ನಮ್ಮ ಅನುಭವ

ಹಳೆ ಸೀರೆಯ ಜೋಲಿಯಲ್ಲಿ ಮಗು ಬೇಗ ನಿದ್ದೆಹೋಗುತ್ತದೆ, ನಿಜ. ಆದರೆ ಕಣ್ಣು ಮುಚ್ಚಿದ ಮೇಲೆ ಅಲ್ಲೇ ಬಿಡಬಾರದು. ಬಟ್ಟೆ ಬಾಗಿದಂತೆ ಮಗುವೂ ಬಾಗಿ ಗದ್ದ ಎದೆಗೆ ಒತ್ತುತ್ತದೆ. ಎಳೆಗೂಸಿನ ಸಣ್ಣ ಉಸಿರುನಾಳ ಮುಚ್ಚಿಕೊಳ್ಳಲು ಅಷ್ಟು ಸಾಕು. ಮುಖ ಪಕ್ಕಕ್ಕೆ ತಿರುಗಿದರೆ ಮೂಗು ಬಟ್ಟೆಗೆ ಒತ್ತಿಕೊಳ್ಳುತ್ತದೆ, ಬಿಡಿಸಿಕೊಳ್ಳುವ ಬಲ ಕತ್ತಿಗಿಲ್ಲ. ಹಾಗಾಗಿ ನಮ್ಮಲ್ಲಿ ಜೋಲಿ ಆಡಿಸುವುದಕ್ಕೆ ಮಾತ್ರ, ನಿದ್ದೆಗೆ ಅಮ್ಮನ ಮಂಚದ ಪಕ್ಕ ಕೈಗೆಟಕುವಂತೆ ಮರದ ತೊಟ್ಟಿಲು.

ತೊಟ್ಟಿಲಿನ ಹಾಸಿಗೆ ಗಟ್ಟಿಯಾಗಿರಬೇಕು. ಅಂಗೈ ಒತ್ತಿ ತೆಗೆದಾಗ ಗುಳಿ ಉಳಿದರೆ ಅದು ಬೇಡ. ಹಾಸಿಗೆಗೂ ಪಕ್ಕದ ಹಲಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು. ಮೇಲೆ ಬಿಗಿಯಾಗಿ ಸಿಕ್ಕಿಸಿದ ಒಂದು ಹತ್ತಿ ಬಟ್ಟೆ, ಅಷ್ಟೇ. ಕೌದಿ, ಗೊಂಬೆ, ಸಾಸಿವೆ ದಿಂಬು ಯಾವುದೂ ಇಲ್ಲ. ತಲೆ ಚಪ್ಪಟೆಯಾಗದಿರಲು ದಿಂಬು ಬೇಕಿಲ್ಲ: ತಲೆ ಇಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ, ಎಚ್ಚರವಿದ್ದಾಗ, ನೀವು ಎದುರಿಗೇ ಕೂತು, ದಿನಕ್ಕೆ ಎರಡು ಮೂರು ಸಲ ಮೂರರಿಂದ ಐದು ನಿಮಿಷ ಬೋರಲು ಮಲಗಿಸಿ.

ನಿದ್ದೆಗೆ ಮಾತ್ರ ಪ್ರತಿ ಸಲವೂ ಅಂಗಾತ. ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತೆಂದು ಹಿರಿಯರು ಹೆದರುತ್ತಾರೆ. ಅಂಗಾತ ಮಲಗಿದಾಗ ಉಸಿರುನಾಳ ಮೇಲೆ, ಅನ್ನನಾಳ ಕೆಳಗೆ. ಹಾಲು ಮೇಲೆ ಹತ್ತಿ ಉಸಿರಿನ ದಾರಿಗೆ ಹೋಗುವುದು ಕಷ್ಟ. ಬೋರಲಾದರೆ ಇದೇ ತಲೆಕೆಳಗು. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ಬಾಣಂತಿ ಕೋಣೆಯಲ್ಲಿ ಮಗುವಿಗೆ ಚಳಿಗಿಂತ ಸೆಕೆಯೇ ಹೆಚ್ಚು. ಕೈಕಾಲು ತಣ್ಣಗಿರುವುದು ಸಹಜ, ಅದನ್ನು ಮುಟ್ಟಿ ಅಳೆಯಬೇಡಿ. ಕತ್ತಿನ ಹಿಂಭಾಗ ಮುಟ್ಟಿ. ಬೆವತಿದ್ದರೆ ಒಂದು ಪದರ ತೆಗೆಯಿರಿ. ಮಲಗುವಾಗ ಕುಲಾವಿ ಬೇಡ, ತಲೆಯಿಂದಲೇ ಶಾಖ ಹೊರಹೋಗಬೇಕು. ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಎರಡೂ ಆ ಕೋಣೆಗೆ ಬೇಡ. ಬಿಗಿಯಾಗಿ ಎಳೆದು ಕಟ್ಟಿದ ಸೊಳ್ಳೆ ಪರದೆ ಸಾಕು.

ಇನ್ನು ಅಭ್ಯಾಸ. ಮೊದಲ ವಾರಗಳಲ್ಲಿ, ಹುಟ್ಟಿದಾಗಿನ ತೂಕ ಮತ್ತೆ ಬರುವ ತನಕ, ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲು ಕೊಡಬೇಕು. ಹಗಲು-ರಾತ್ರಿಯ ಭೇದ ಮಗುವಿಗೆ ತಿಳಿಯುವುದು ಎರಡು ಮೂರು ತಿಂಗಳ ಹೊತ್ತಿಗೆ. ಅದಕ್ಕೆ ದಾರಿ ಮಾಡಲು ಹಗಲಲ್ಲಿ ಕಿಟಕಿ ತೆರೆದಿಟ್ಟೆವು, ಕುಕ್ಕರಿನ ಸೀಟಿಯನ್ನೂ ತಡೆಯಲಿಲ್ಲ. ರಾತ್ರಿ ಮಂದ ದೀಪ, ಮಾತಿಲ್ಲದ ಹಾಲೂಡಿಕೆ. ಸಂಜೆಯ ಕ್ರಮ ದಿನವೂ ಒಂದೇ: ಬೆಚ್ಚನೆ ಬಟ್ಟೆಯಲ್ಲಿ ಒರೆಸುವುದು, ಬಟ್ಟೆ ಬದಲು, ಹಾಲು, ತೇಗು, ಜೋಗುಳ. ಕಣ್ಣು ಎಳೆಯುವಾಗಲೇ, ಪೂರ್ತಿ ನಿದ್ದೆ ಹತ್ತುವ ಮುಂಚೆ, ತೊಟ್ಟಿಲಿಗೆ.

ತೂಗುವುದಕ್ಕೆ ಒಗ್ಗಿದ ಮಗು ಇಲ್ಲಿ ಹಟ ಹಿಡಿಯುತ್ತದೆ. ಒಮ್ಮೆಗೇ ನಿಲ್ಲಿಸದೆ ತೂಗುವುದನ್ನು ದಿನದಿಂದ ದಿನಕ್ಕೆ ನಿಧಾನ ಮಾಡಿ, ಕೊನೆಗೆ ಎದೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟುವುದಷ್ಟೇ ಉಳಿಸಿಕೊಂಡೆವು. ಬಹಳ ಮನೆಗಳಲ್ಲಿ ಕೆಡುವುದು ಮುಲುಗಿದೊಡನೆ ಎತ್ತಿಕೊಳ್ಳುವುದರಿಂದ. ಎಳೆಮಗು ನಿದ್ದೆಯಲ್ಲೇ ಮುಲುಗುತ್ತದೆ, ಅರೆಗಣ್ಣು ಬಿಡುತ್ತದೆ. ಒಂದು ನಿಮಿಷ ಸುಮ್ಮನೆ ನೋಡಿ, ಅತ್ತರೆ ಎತ್ತಿಕೊಳ್ಳಿ.

ಮಗುಚಲು ಯತ್ನಿಸಿದ ದಿನವೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದನ್ನೂ ತೂಗುತೊಟ್ಟಿಲನ್ನೂ ಬಿಡಿ. ಅಂಚು ಹಿಡಿದು ವಾಲಿದರೆ ತೊಟ್ಟಿಲೇ ಮಗುಚುತ್ತದೆ. ಅಲ್ಲಿಂದ ಮುಂದೆ ಗೋಡೆಯಿಂದ ದೂರ, ನೆಲದ ಮೇಲೆ, ಅದೇ ಗಟ್ಟಿ ಹಾಸಿಗೆ.