ಕೊನೆಯಲ್ಲಿ ಬಂದ ಹೆಸರು

ಲಿಂಗಸುಗೂರಿನ ನಮ್ಮ ಭಜನಾ ಮಂಡಳಿಯಲ್ಲಿ ನಾನು ಹಾರ್ಮೋನಿಯಂ ಹಿಡಿದು ಇಪ್ಪತ್ತು ವರ್ಷಗಳಾದವು. ಹಗಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ, ಶನಿವಾರ ರಾತ್ರಿ ದಾಸರ ಪದ, ತತ್ವಪದ. ಈ ಎರಡು ಕೆಲಸಗಳು ನನ್ನೊಳಗೆ ಅಕ್ಕಪಕ್ಕದ ಮನೆಗಳಂತೆ ಇದ್ದವೇ ಹೊರತು ಒಂದರ ಅಂಗಳದಿಂದ ಇನ್ನೊಂದಕ್ಕೆ ದಾರಿಯಿರಲಿಲ್ಲ. ಆ ದಾರಿ ತೆರೆದದ್ದು ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡದೆ, ಗಿಟಾರ್ ಮುಟ್ಟದೆ, ಬರಿಯ ಬಾಯಿಮಾತಿನಲ್ಲಿ ಓದಿದ ಒಂದು ಕವಿತೆ. ಅದರ ಹೆಸರು 'ಲಾಸ್ಟ್ ಥಾಟ್ಸ್ ಆನ್ ವುಡಿ ಗತ್ರಿ'.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದರ ಧ್ವನಿಮುದ್ರಣವನ್ನು ಮೊಬೈಲ್‌ಗೆ ಕಳುಹಿಸಿ, 'ಸರ್, ಇದರ ಅರ್ಥ ಏನು?' ಎಂದು ಕೇಳಿದ್ದಳು. ಒಂದು ವಾರದಲ್ಲಿ ಹೇಳುತ್ತೇನೆ ಎಂದೆ. ಹಿಡಿದದ್ದು ಎರಡು ವರ್ಷ.

ಕವಿತೆ ಹುಟ್ಟಿದ ಸಂದರ್ಭವನ್ನು ಡಿಲನ್ ತಾನೇ ವೇದಿಕೆಯ ಮೇಲೆ ಹೇಳಿದ್ದಾನೆ. ಅವನು ಗುರುವೆಂದು ಕಂಡ ಹಿರಿಯ ಹಾಡುಗಾರ ವುಡಿ ಗತ್ರಿಯ ಕುರಿತು ಒಂದು ಪುಸ್ತಕ ಬರುವುದರಲ್ಲಿತ್ತು. ಗತ್ರಿ ನಿನಗೆ ಏನು ಎಂಬುದನ್ನು 25 ಪದಗಳಲ್ಲಿ ಬರೆದುಕೊಡು ಎಂದು ಅವನನ್ನು ಕೇಳಿದ್ದರು. ಆಗಲಿಲ್ಲ. ಬರೆಯಲು ಕುಳಿತರೆ ಐದು ಪುಟಗಳಾದವು. 1963ರ ಏಪ್ರಿಲ್ 12ರಂದು ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕಛೇರಿಯ ಕೊನೆಗೆ ಆ ಹಾಳೆಗಳನ್ನು ತೆಗೆದು ಓದಿದ. ಆಗ ಅವನಿಗೆ 21 ವರ್ಷ. ಓದು ಸುಮಾರು ಏಳು ನಿಮಿಷದ್ದು. ಅದು ಧ್ವನಿಮುದ್ರಿಕೆಯಾಗಿ ಅಧಿಕೃತವಾಗಿ ಹೊರಬಂದದ್ದು 1991ರಲ್ಲಿ.

ನಾನು ಮೊದಲು ಹಿಡಿದ ದಾರಿ ಮೇಷ್ಟರ ದಾರಿ. ಪಠ್ಯವನ್ನು ಮುದ್ರಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಹಾಕಿ, ಎಡಕ್ಕೆ ಕವಿತೆಯ ಚಿತ್ರ, ಬಲಕ್ಕೆ ಅದರ 'ಅರ್ಥ' ಎಂದು ಬರೆಯುತ್ತಾ ಹೋದೆ. ರೈಲು ಎಂದರೆ ಬಿಡುಗಡೆ, ದೀಪ ಎಂದರೆ ಜ್ಞಾನ, ಬಿರುಗಾಳಿ ಎಂದರೆ ಕಷ್ಟ. ಹನ್ನೊಂದು ಪುಟ ತುಂಬಿತು. ಓದಿ ನೋಡಿದರೆ ಅಲ್ಲಿ ಕವಿತೆ ಇರಲಿಲ್ಲ, ಕಟ್ಟಿಗೆಯ ಹೊರೆ ಇತ್ತು. ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ನಾನು ಬರೆಸುತ್ತಿದ್ದುದು ಇಂಥದ್ದನ್ನೇ ಎಂಬುದು ಆ ದಿನ ನನ್ನನ್ನು ಬಹಳ ನೋಯಿಸಿತು.

ಅದಕ್ಕಿಂತ ದೊಡ್ಡ ತಪ್ಪು ಶೀರ್ಷಿಕೆಯಲ್ಲಿಯೇ ಆಗಿತ್ತು. 'ಕೊನೆಯ ಮಾತುಗಳು' ಎಂದು ಕಂಡ ಕೂಡಲೇ ಇದು ಚರಮಗೀತೆ ಎಂದುಕೊಂಡೆ. ತೀರಿಹೋದ ಗುರುವಿಗೆ ಶಿಷ್ಯನ ಕಂಬನಿ ಎಂಬ ಕನ್ನಡಕ ಹಾಕಿಕೊಂಡೇ ಮೂರು ತಿಂಗಳು ಓದಿದೆ. ಆಮೇಲೆ ಒಂದು ದಿನ ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದೆ. ಗತ್ರಿ ತೀರಿಕೊಂಡದ್ದು 1967ರ ಅಕ್ಟೋಬರ್ 3ರಂದು. ಡಿಲನ್ ಕವಿತೆ ಓದುವಾಗ ಗುರು ಬದುಕಿದ್ದ, ಅದೇ ನಗರದಲ್ಲಿ, ಬ್ರೂಕ್ಲಿನ್‌ನ ಆಸ್ಪತ್ರೆಯ ಹಾಸಿಗೆಯ ಮೇಲೆ. ಕವಿತೆಯ ಅರ್ಥವನ್ನು ಹುಡುಕುವವರಿಗೆ ನಾನು ಮೊದಲು ಹೇಳುವ ಮಾತು ಇದೇ ಆಗಿದೆ: ಪದಕೋಶಕ್ಕಿಂತ ಮೊದಲು ದಿನಾಂಕ ನೋಡಿ.

ಗತ್ರಿ ಯಾರೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸಲು ಒಂದೇ ಶಬ್ದ ಸಾಕು: ಗುಳೆ. ಅವನು 1912ರಲ್ಲಿ ಓಕ್ಲಹೋಮದ ಓಕೀಮಾ ಎಂಬ ಊರಿನಲ್ಲಿ ಹುಟ್ಟಿದವನು. 1930ರ ದಶಕದಲ್ಲಿ ಆ ಬಯಲು ಸೀಮೆಯಲ್ಲಿ ಮಳೆ ಕೈಕೊಟ್ಟು, ಉತ್ತ ನೆಲದ ಮಣ್ಣು ಧೂಳಾಗಿ ಎದ್ದು ಆಕಾಶವನ್ನು ಮುಚ್ಚಿದಾಗ, ಲಕ್ಷಾಂತರ ಜನ ಮನೆಮಾರು ಬಿಟ್ಟರು. ಅವರಲ್ಲಿ ಅನೇಕರು ಹಿಡಿದದ್ದು ಕ್ಯಾಲಿಫೋರ್ನಿಯಾದ ದಾರಿ. ಅವರ ಜೊತೆಗೆ ನಡೆದು, ಅವರ ಕಥೆಯನ್ನೇ ಹಾಡಾಗಿಸಿದವನು ಗತ್ರಿ. ಸಿಂಧನೂರು, ಮಾನ್ವಿಯ ಕಾಲುವೆಯ ಹಸಿರನ್ನು ಮಾತ್ರ ಕಂಡವರಿಗೆ ಇದು ದೂರದ ಕಥೆ. ಲಿಂಗಸುಗೂರಿನ, ಮಸ್ಕಿಯ ಮಳೆಯಾಶ್ರಿತ ಹಳ್ಳಿಗಳಿಂದ ಬೆಂಗಳೂರಿನ ಬಸ್ ಹತ್ತುವ ಸಂಸಾರಗಳನ್ನು, ಆ ಬಸ್ಸಿನ ಕಿಟಕಿಯಲ್ಲಿ ಕಾಣುವ ನನ್ನದೇ ತರಗತಿಯ ಮಕ್ಕಳನ್ನು ಬೀಳ್ಕೊಟ್ಟ ನನಗೆ ಅದು ದೂರದ್ದಲ್ಲ.

ಆ ಹಾಡುಗಾರನನ್ನು ಹಂಟಿಂಗ್ಟನ್ ಕಾಯಿಲೆ ಹಿಡಿಯಿತು. ತಾಯಿಯನ್ನು ಬಲಿ ತೆಗೆದುಕೊಂಡ ಆನುವಂಶಿಕ ರೋಗವೇ ಮಗನಿಗೂ ಬಂತು. ಅದು ಮಿದುಳಿನ ಜೀವಕೋಶಗಳನ್ನು ನಿಧಾನವಾಗಿ ಸವೆಸುತ್ತದೆ. ಕೈಕಾಲು ಹಿಡಿತ ತಪ್ಪಿ ತಾವಾಗಿ ಅಲುಗುತ್ತವೆ, ಮಾತು ತೊದಲಿ ಕೊನೆಗೆ ನಿಲ್ಲುತ್ತದೆ. 1961ರ ಆರಂಭದಲ್ಲಿ ಮಿನ್ನೆಸೋಟದಿಂದ ನ್ಯೂಯಾರ್ಕಿಗೆ ಬಂದ ಹತ್ತೊಂಬತ್ತರ ಡಿಲನ್ ಮೊದಲು ಹುಡುಕಿಕೊಂಡು ಹೋದವರಲ್ಲಿ ಒಬ್ಬನು ಈ ಗತ್ರಿ. ಹಾಡಲಾರದ ಗುರುವಿನ ಮುಂದೆ ಅವನದೇ ಹಾಡುಗಳನ್ನು ಹಾಡುತ್ತಾ ಕುಳಿತ ಶಿಷ್ಯನನ್ನು ಮನಸ್ಸಿಗೆ ತಂದುಕೊಂಡ ಮೇಲೆ ನನ್ನ ನೋಟ್‌ಬುಕ್ಕಿನ ಎರಡು ಅಂಕಣಗಳನ್ನು ನಾನು ಮತ್ತೆ ತೆರೆಯಲಿಲ್ಲ.

ಕಾಗದವನ್ನು ಪಕ್ಕಕ್ಕಿಟ್ಟು ಕೇಳತೊಡಗಿದೆ. ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ, ಅವನ ಉಸಿರು ಎಲ್ಲಿ ನಿಲ್ಲುತ್ತದೆ ಎಂದಷ್ಟೇ ಗಮನಿಸುತ್ತಾ. ತಲೆ ಗೊಂದಲಗೊಂಡಾಗ, ಮನಸ್ಸು ಮರಗಟ್ಟಿದಾಗ, ಎಲ್ಲರೂ ಮುಂದೆ ಹೋಗಿ ನೀನು ಹಿಂದೆ ಉಳಿದಾಗ ಎಂದು ಕವಿತೆ 'ಆದಾಗ, ಆದಾಗ' ಎನ್ನುತ್ತಲೇ ಓಡುತ್ತದೆ. ಆದಾಗ ಏನು ಎಂಬುದನ್ನು ಹೇಳುವುದೇ ಇಲ್ಲ. ಇಂಗ್ಲಿಷಿನ ಕಿವಿಗೆ ಇದು ಉಸಿರುಗಟ್ಟಿಸಬಹುದು. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮ್ಮ ಭಾಷೆಯ ಅಭ್ಯಾಸ. ಹಾಗಾಗಿ ಕನ್ನಡದಲ್ಲಿ ಹೇಳಿಕೊಂಡಾಗ ಆ ಓಟ ನನಗೆ ಸಹಜವಾಗಿ ಒಗ್ಗಿತು. ಲಯವೂ ಗುರುತಿನದೇ ಅನ್ನಿಸಿತು. ನಮ್ಮ ದಾಸರು ಉಗಾಭೋಗವನ್ನು ತಾಳದ ಕಟ್ಟಿಲ್ಲದೆ ಹೇಳುತ್ತಾರೆ. ತಾಳವಿಲ್ಲ ಎಂದರೆ ನಡೆಯಿಲ್ಲ ಎಂದಲ್ಲ, ಮಾತಿನ ಭಾರವೇ ಅಲ್ಲಿ ನಡೆಯನ್ನು ನಿರ್ಧರಿಸುತ್ತದೆ. ಡಿಲನ್ ಗಿಟಾರನ್ನು ಬಿಟ್ಟದ್ದು ಅದಕ್ಕೇ ಇರಬೇಕು. ಈ ಮಾತಿಗೆ ತಾಳ ಹಾಕಿದರೆ ಅದರ ತಳಮಳ ಶಮನವಾಗಿಬಿಡುತ್ತಿತ್ತು.

ನಿಜವಾದ ತಿರುವು ಬಂದದ್ದು ಕನ್ನಡಿಸಲು ಕುಳಿತಾಗ, ಮೊದಲ ಸಾಲಿನಲ್ಲಿಯೇ. ಇಂಗ್ಲಿಷಿನ 'ಯೂ' ಕನ್ನಡದಲ್ಲಿ ಏನಾಗಬೇಕು? 'ನೀವು' ಎಂದು ಬರೆದೆ. ಓದಿದರೆ ಸಭೆಯನ್ನು ಉದ್ದೇಶಿಸಿದ ಭಾಷಣ. 'ನೀನು' ಎಂದು ತಿದ್ದಿದೆ. ಆ ಒಂದು ಅಕ್ಷರದ ಬದಲಾವಣೆಯಲ್ಲಿ ಕವಿತೆ ಮನೆಯೊಳಗೆ ಬಂದು ಕುಳಿತಿತು. ಏಕೆಂದರೆ ಆ 'ನೀನು' ನನಗೆ ಗೊತ್ತಿತ್ತು. ದಾಸರೂ ತತ್ವಪದಕಾರರೂ 'ಎಲೆ ಮನವೇ' ಎಂದು ಕೂಗಿ ಬೈಯುವ, ಬೇಡುವ, ಸಂತೈಸುವ 'ನೀನು' ಅದು. ಕೇಳುಗರ ಎದುರಿಗೆ ನಿಂತು ತನ್ನನ್ನೇ ಮಾತನಾಡಿಸಿಕೊಳ್ಳುವ ಕ್ರಮ. ನಾನು ಹುಟ್ಟಿದ ದಿನವೇ ಹೀಗಿರುತ್ತದೆಂದು ಯಾರೂ ಏಕೆ ಹೇಳಲಿಲ್ಲ ಎಂದು ಅಳಲುವ ಭಾಗ ಕವಿತೆಯಲ್ಲಿದೆ. ಅದು ಕೇಳುಗರಿಗೆ ಉಪದೇಶ ಮಾಡುವವನ ದನಿಯಲ್ಲ, ಇಪ್ಪತ್ತೊಂದರ ಹುಡುಗನ ಸ್ವಂತ ದಿಗಿಲು. ಹಾಗೆ ಕೇಳಿದರೆ ಮಾತ್ರ ಮುಂದಿನದು ಕೂಡುತ್ತದೆ.

ಮುಂದೆ ಬರುವುದು ಬೇಡಿಕೆಗಳ ಸರಣಿ. ನಿನಗೆ ಏನೋ ಒಂದು ಬೇಕು, ವಿಶೇಷವಾದದ್ದು ಬೇಕು. ಅದರಲ್ಲಿ ಜನಾಂಗ ನೋಡದೆ ಹತ್ತಿಸಿಕೊಳ್ಳುವ ಗ್ರೇಹೌಂಡ್ ಬಸ್ ಒಂದು ಬರುತ್ತದೆ. ನನ್ನ ಹಳೆಯ ಅಂಕಣದಲ್ಲಿ 'ಬಸ್ ಎಂದರೆ ಪಯಣ' ಎಂದಿತ್ತು. 1961ರ ಮೇ ತಿಂಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಹೊರಟ ಅಂಥದೇ ಬಸ್ಸೊಂದಕ್ಕೆ ಅಲಬಾಮದ ಆನಿಸ್ಟನ್ ಬಳಿ ಬೆಂಕಿ ಹಚ್ಚಿದ್ದರು. ಟೌನ್ ಹಾಲ್‌ನಲ್ಲಿ ಕುಳಿತವರಿಗೆ ಅದು ಎರಡು ವರ್ಷದ ಹಿಂದಿನ ಸುದ್ದಿ. ಅವರ ಕಿವಿಯಲ್ಲಿ ಬಸ್ ಎಂದರೆ ಬಸ್ಸೇ, ಸುಟ್ಟ ಬಸ್ಸು.

ಆಮೇಲೆ ಆ ಬೇಕಾದದ್ದು ಎಲ್ಲಿ ಇಲ್ಲ ಎಂಬ ಪಟ್ಟಿ. ಡಾಲರ್ ನೋಟಿನಲ್ಲಿ ಇಲ್ಲ, ದೊಡ್ಡ ಅಂಗಡಿಯ ಕಿಟಕಿಯಲ್ಲಿ ಇಲ್ಲ, ಶ್ರೀಮಂತರ ಕ್ಲಬ್ಬಿನಲ್ಲಿ ಇಲ್ಲ. 'ಅಲ್ಲಿಲ್ಲ, ಇಲ್ಲಿಲ್ಲ' ಎನ್ನುತ್ತಲೇ ಇರುವ ಜಾಗಕ್ಕೆ ಕೈ ತೋರುವ ಈ ರೀತಿ ವಚನ ಓದಿದವರಿಗೆ ಹೊಸದಲ್ಲ, ಹಾಗಾಗಿ ಅಲ್ಲಿ ನಾನು ಹೆಚ್ಚು ತಡೆಯಲಿಲ್ಲ.

ತಡೆದು ನಿಂತದ್ದು ಕೊನೆಯಲ್ಲಿ. ಹುಡುಕುವವನಿಗೆ ಅಲ್ಲಿ ಎರಡು ವಿಳಾಸ ಸಿಗುತ್ತವೆ. ಒಂದು, ನಿನಗೆ ಬೇಕಾದ ಚರ್ಚ್. ಇನ್ನೊಂದು, ಬ್ರೂಕ್ಲಿನ್ ಸ್ಟೇಟ್ ಆಸ್ಪತ್ರೆ. ಚರ್ಚಿನಲ್ಲಿ ದೇವರು, ಆಸ್ಪತ್ರೆಯಲ್ಲಿ ವುಡಿ ಗತ್ರಿ. ನನ್ನ ಅನಿಸಿಕೆ ಸರಿಯೋ ತಪ್ಪೋ ಇರಬಹುದು ಎಂದು ತಗ್ಗಿದ ದನಿಯಲ್ಲಿ ಒಂದು ಮಾತು ಸೇರಿಸಿ, ಇಬ್ಬರನ್ನೂ ಗ್ರ್ಯಾಂಡ್ ಕ್ಯಾನಿಯನ್‌ನ ಸೂರ್ಯಾಸ್ತದಲ್ಲಿ ನಿಲ್ಲಿಸುತ್ತಾನೆ. ಶೀರ್ಷಿಕೆಯನ್ನು ಬಿಟ್ಟರೆ ಇಡೀ ಕವಿತೆಯೊಳಗೆ ಗತ್ರಿಯ ಹೆಸರು ಕೇಳುವುದು ಇಲ್ಲಿ ಮಾತ್ರ.

ಇದನ್ನು ನಾನು ಹತ್ತಾರು ಸಲ ಕೇಳಿದ್ದೆ. ಒಂದು ಶನಿವಾರ ಜಗನ್ನಾಥದಾಸರ ಪದವೊಂದು ಮುಗಿಯುವಾಗ, 'ಜಗನ್ನಾಥ ವಿಠಲ' ಎಂಬಲ್ಲಿ ನನ್ನ ಬೆರಳು ರೂಢಿಯಂತೆ ಷಡ್ಜಕ್ಕೆ ಇಳಿದಾಗ, ಹೊಳೆಯಿತು: ಅದು ಅಂಕಿತ. ಚೀಕಲಪರ್ವಿಯ ವಿಜಯದಾಸರಿರಲಿ, ಮಾನ್ವಿಯ ಜಗನ್ನಾಥದಾಸರಿರಲಿ, ಪದದ ತುದಿಯಲ್ಲಿ ಬರುವ ಹೆಸರು ಸಹಿಯಷ್ಟೇ ಅಲ್ಲ. ಅದುವರೆಗಿನ ದೂರು, ಹಂಬಲ, ಹುಡುಕಾಟ ಎಲ್ಲ ಯಾರ ಪಾದಕ್ಕೆ ಎಂಬುದನ್ನು ಅದು ಹೇಳುತ್ತದೆ. ಅಂಕಿತ ಕೇಳಿದ ಮೇಲೆ ಪದ ಹಿಂದಕ್ಕೆ ತಿರುಗಿ ಮೊದಲ ಸಾಲಿನಿಂದ ಮತ್ತೆ ಬೆಳಗುತ್ತದೆ. ಡಿಲನ್ ಆ ಜಾಗದಲ್ಲಿ ಗುರುವಿನ ಹೆಸರನ್ನಿಟ್ಟ.

ಒಂದು ಹೆಸರು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಕಲ್ಲಿನ ಸಾಕ್ಷಿ ಇದೆ. 1915ರಲ್ಲಿ ಮಸ್ಕಿಯಲ್ಲಿ ಕಂಡ ಬಂಡೆಗಲ್ಲಿನ ಶಾಸನದಲ್ಲಿ 'ಅಸೋಕಸ' ಎಂಬ ಶಬ್ದವಿತ್ತು. ಅದುವರೆಗೆ ದೇಶದ ಉದ್ದಗಲಕ್ಕೂ ಓದಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಸಿಕ್ಕಿದ್ದವು. ಆ ದೊರೆ ಅಶೋಕನೇ ಎಂಬುದನ್ನು ಕಲ್ಲೇ ಹೇಳಿದ್ದು ಮಸ್ಕಿಯಲ್ಲಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಇದನ್ನು ಹೇಳಿದ್ದೇನೆ. ಕವಿತೆಗೂ ಅದೇ ಮಾತು ಸಲ್ಲುತ್ತದೆ ಎಂದು ತಿಳಿಯಲು ಇಷ್ಟು ಕಾಲ ಬೇಕಾಯಿತು.

ಆಸ್ಪತ್ರೆಯನ್ನು ದೇವರ ಮನೆಯ ಸರಿಸಮ ಇಟ್ಟದ್ದೇಕೆ ಎಂಬುದು ತಿಳಿಯಲು ಮಾತ್ರ ಓದು ಸಾಲಲಿಲ್ಲ. ನನಗೆ ಪದ ಕಲಿಸಿದ ಗುರುಗಳಿಗೆ ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಅವರು ಹದಿನೆಂಟು ದಿನ ಇದ್ದರು. ಪ್ರತಿ ಭಾನುವಾರ ಬಸ್ ಹತ್ತಿ ಹೋಗುತ್ತಿದ್ದೆ. ಮೊದಲ ಸಲ ಏನು ಮಾಡಬೇಕೆಂದು ತಿಳಿಯದೆ ಕುಳಿತೆ. ಎರಡನೆಯ ಸಲ ಮೆಲ್ಲಗೆ ಅವರದೇ ಪದ ಹೇಳಿದೆ. ಅವರ ಕಣ್ಣು ನನ್ನ ತಪ್ಪುಗಳನ್ನು ಹಿಡಿಯುತ್ತಿತ್ತು. ಸ್ವರ ಜಾರಿದಲ್ಲಿ ಹುಬ್ಬು ಏರುತ್ತಿತ್ತು. ಹೊರಗೆ ಬಂದು ನಿಲ್ದಾಣದಲ್ಲಿ ನಿಂತಾಗ, ಚರ್ಚಿಗಾದರೂ ಹೋಗು, ಆ ಆಸ್ಪತ್ರೆಗಾದರೂ ಹೋಗು ಎಂಬ ಸಾಲುಗಳು ಯಾವ ವಿವರಣೆಯೂ ಇಲ್ಲದೆ ಅರ್ಥವಾದವು. ಇದು ಅತಿಶಯೋಕ್ತಿಯಲ್ಲ. ದಾರಿ ಕೇಳಿದವನಿಗೆ ಕೊಟ್ಟ ನೇರ ವಿಳಾಸ.

ಮಂಡಳಿಯ ಗೆಳೆಯರೊಬ್ಬರು ಕೊನೆಯ ಸೂರ್ಯಾಸ್ತವನ್ನು ಪ್ರಕೃತಿಯ ಮಹಿಮೆ ಎಂದು ಓದುತ್ತಾರೆ. ದೇವರೂ ಗುರುವೂ ನಿಸರ್ಗದಲ್ಲಿ ಲೀನ ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್ ಎಂದರೆ ಕೊಲರಾಡೋ ನದಿ ಕೊರೆದ 446 ಕಿಲೋಮೀಟರ್ ಉದ್ದದ ಕಮರಿ. ಅಷ್ಟು ದೊಡ್ಡದನ್ನು ಹೆಸರಿಸಿದವನು ಅದರ ಪಕ್ಕದಲ್ಲಿಯೇ ಒಂದು ಗಳಿಗೆಯನ್ನೂ ಹೆಸರಿಸುತ್ತಾನೆ, ಬೆಳಕು ಹೋಗುವ ಗಳಿಗೆಯನ್ನು. ಗುರುವಿಗೆ ಉಳಿದಿದ್ದದ್ದು ಅದೇ ಗಳಿಗೆ. ಈ ಜಗಳ ತೀರಿಸಿಕೊಳ್ಳಲೆಂದೇ ನಾವಿಬ್ಬರೂ ಒಂದು ಸಂಜೆ ಜಲದುರ್ಗದ ಕೋಟೆ ಹತ್ತಿ, ಕೃಷ್ಣೆ ಕವಲಾಗಿ ಬಂಡೆಗಳ ಕೆಳಗೆ ಹರಿಯುವುದನ್ನು ನೋಡುತ್ತಾ ಕತ್ತಲಾಗುವವರೆಗೆ ಕುಳಿತೆವು. ಅವರು ತಮ್ಮ ಮಾತು ಬಿಡಲಿಲ್ಲ, ನಾನೂ ಬಿಡಲಿಲ್ಲ.

ವಿದ್ಯಾರ್ಥಿನಿಗೆ ಇಷ್ಟನ್ನೂ ಬರೆದು, ಜೊತೆಗೆ ನನ್ನ ಕನ್ನಡ ರೂಪವನ್ನೂ ಕಳುಹಿಸಿದೆ. ಅದರಲ್ಲಿ ಒಂದು ತೊಡಕು ಕೊನೆಯವರೆಗೂ ಉಳಿದಿತ್ತು. ಇಂಗ್ಲಿಷಿನಲ್ಲಿ ಕವಿತೆ ಸೂರ್ಯಾಸ್ತದ ಮೇಲೆ ನಿಲ್ಲುತ್ತದೆ. ಕನ್ನಡದಲ್ಲಿ ನೇರವಾಗಿ ಹೇಳಿದರೆ 'ಹೊತ್ತು ಮುಳುಗುವಾಗ ಇಬ್ಬರೂ ಸಿಗುತ್ತಾರೆ' ಎಂದು ಕ್ರಿಯಾಪದ ತುದಿಗೆ ಬರುತ್ತದೆ. 'ಇಬ್ಬರೂ ಸಿಗುತ್ತಾರೆ, ಹೊತ್ತು ಮುಳುಗುವಾಗ' ಎಂದು ತಿರುಗಿಸಿಯೂ ಬರೆದಿದ್ದೆ. ಈಗ ಮನೆಯಲ್ಲಿರುವ ಗುರುಗಳ ಮಂಚದ ಪಕ್ಕ ಕುಳಿತು ಎರಡನ್ನೂ ಓದಿದೆ. 'ಸಿಗುತ್ತಾರೆ' ಎಂದು ಮುಗಿದದ್ದಕ್ಕೆ ಅವರ ಎಡಗೈ ಮಂಚದ ಪಟ್ಟಿಯ ಮೇಲೆ ಒಂದು ಪೆಟ್ಟು ಹಾಕಿತು. ಅದನ್ನೇ ಉಳಿಸಿಕೊಂಡಿದ್ದೇನೆ.