ಹನ್ನೊಂದು ಜನರ ಮಾತು, ಒಂದು 390 ಡ್ಯೂಕ್

ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಎರಡು ಪುಟಗಳಲ್ಲಿ ಒಂದು ಬೈಕಿನ ಬಗ್ಗೆ ಹನ್ನೊಂದು ಜನ ಹೇಳಿದ ಮಾತುಗಳಿವೆ. ಬುಕ್ ಮಾಡುವ ಮುಂಚೆ ಬರೆದಿಟ್ಟದ್ದು. ನಂದಿ ಬೆಟ್ಟದ ಕೆಳಗಿನ ಟೀ ಅಂಗಡಿ, ಆಫೀಸಿನ ಪಾರ್ಕಿಂಗ್, ಮದುವೆ ಮನೆ, ಎಲ್ಲಿ ಯಾರು ಸಿಕ್ಕಿದರೂ ಒಂದೇ ಪ್ರಶ್ನೆ: ಹೊಸ ಕೆಟಿಎಂ 390 ಡ್ಯೂಕ್ ಹೇಗಿದೆ? ಎಲ್ಲರ ಹತ್ತಿರವೂ ಉತ್ತರ ಇತ್ತು. ಓಡಿಸದವರ ಹತ್ತಿರ ಸ್ವಲ್ಪ ಜಾಸ್ತಿಯೇ ಇತ್ತು.

ಹನ್ನೆರಡು ವರ್ಷ ಹೋಂಡಾ ಯೂನಿಕಾರ್ನ್ ಓಡಿಸಿದವನು ನಾನು. ಹದಿಮೂರು ಚಿಲ್ಲರೆ ಕುದುರೆಶಕ್ತಿ, ಹಸುವಿನ ಸ್ವಭಾವ. ಅದಕ್ಕೆ ಯಾವತ್ತೂ ಏನೂ ಆಗಲಿಲ್ಲ, ನನಗೇ ಬೇಜಾರಾಯಿತು ಅಷ್ಟೆ. ಅಲ್ಲಿಂದ ನೇರ 46 ಕುದುರೆಶಕ್ತಿಗೆ, ಅಂದರೆ 46 ಪಿಎಸ್‌ಗೆ ಹಾರಬೇಕು ಅಂದರೆ ನಾಲ್ಕು ಜನರನ್ನು ಕೇಳಬೇಕಲ್ವಾ? ಕೇಳಿದೆ. ನಾಲ್ಕು ಹೋಗಿ ಹನ್ನೊಂದಾಯಿತು.

ಡ್ಯೂಕ್ ನೇಕೆಡ್ ಬೈಕು, ಅಂದರೆ ಮೈಮೇಲೆ ಗಾಳಿ ತಡೆಯುವ ಹೊದಿಕೆ (ಫೇರಿಂಗ್) ಇಲ್ಲದ್ದು ಅಂತ ಅಮ್ಮನಿಗೆ ವಿವರಿಸಿದೆ. "ನಿನ್ನ ಹಳೇ ಗಾಡಿಗೂ ಏನೂ ಇರ್ಲಿಲ್ವಲ್ಲ" ಅಂದಳು. ಹೌದು, ಇರಲಿಲ್ಲ.

ರೂಪದ ಬಗ್ಗೆ ಜಗಳ ಜೋರಾಗಿತ್ತು. ಮೂರನೇ ತಲೆಮಾರಿನ ಈ ಡ್ಯೂಕ್ 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಮಾರಾಟಕ್ಕೆ ಬಂತು. ಟ್ಯಾಂಕಿನ ಎರಡೂ ಬದಿಯ ರೆಕ್ಕೆಗಳು ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನೂ ದಾಟಿ ಮುಂದೆ ಚಾಚಿಕೊಂಡಿವೆ. ಹಿಂದಿನ ಭಾಗ ನೋಡಿದರೆ ಅರ್ಧಕ್ಕೆ ಕತ್ತರಿಸಿದ ಹಾಗೆ ಸಣಕಲು. ಪುಸ್ತಕದಲ್ಲಿ ಒಬ್ಬನ ಮಾತು: "ಜಿಮ್‌ಗೆ ಹೋಗಿ ಬರೀ ಎದೆ ಬೆಳೆಸಿದವನ ಥರ." ಇನ್ನೊಬ್ಬ ಕಿತ್ತಳೆ ಬಣ್ಣದ ಚಕ್ರ ನೋಡಿಯೇ ಬಿದ್ದುಹೋಗಿದ್ದ. ನಾನು ಅಟ್ಲಾಂಟಿಕ್ ಬ್ಲೂ ತೆಗೆದುಕೊಂಡೆ. ನೀಲಿ ಗಾಡಿಯಲ್ಲೂ ಚಕ್ರ ಕಿತ್ತಳೆಯೇ. ಒಂದು ಮಳೆ ಬಂದು ಹೋದ ಮೇಲೆ ಆ ಚಕ್ರವನ್ನು ತಿಕ್ಕುತ್ತ ಕೂತಾಗ ಮಾತ್ರ, ಇದನ್ನು ಹೊಗಳಿದವರು ಯಾರೂ ಬೆಂಗಳೂರಿನ ಕೆಸರಿನಲ್ಲಿ ಓಡಿಸಿಲ್ಲ ಅನ್ನಿಸಿತು.

ಮೈಸೂರಿನ ಚಿಕ್ಕಪ್ಪನ ಮಾತು ಬೇರೆಯೇ. ಅವರ ಹತ್ತಿರ ಇನ್ನೂ ಯೆಜ್ಡಿ ಇದೆ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆ 1996ರಲ್ಲೇ ಮುಚ್ಚಿತು, ಅವರ ಬೈಕು ಇನ್ನೂ ಹೊಗೆ ಬಿಡುತ್ತಿದೆ. ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಸೈಲೆನ್ಸರ್ ಎಲ್ಲೋ?" ಅಂದರು. ಇದು ಒಳ್ಳೆಯ ಪ್ರಶ್ನೆ. 2013ರ ಮೊದಲ 390ರಲ್ಲಿ ಸೈಲೆನ್ಸರ್ ಎಂಜಿನ್ನಿನ ಹೊಟ್ಟೆಯ ಕೆಳಗಿತ್ತು. 2017ರಲ್ಲಿ ಪಕ್ಕಕ್ಕೆ ಬಂತು. ಈಗ ಮತ್ತೆ ಹೊಟ್ಟೆಯ ಕೆಳಗೆ. ಭಾರ ಕೆಳಗೆ, ಮಧ್ಯದಲ್ಲಿ ಉಳಿಯುತ್ತದೆ. ಚಿಕ್ಕಪ್ಪನಿಗೆ ಇದೆಲ್ಲ ಬೇಡ. ಎರಡು ಉದ್ದನೆಯ ಕ್ರೋಮ್ ಕೊಳವೆ ಕಾಣದ ಬೈಕು ಅವರ ಪಾಲಿಗೆ ಬೈಕೇ ಅಲ್ಲ.

ನನಗೆ ಇಷ್ಟವಾದ ಜಾಗವನ್ನು ಆ ಹನ್ನೊಂದರಲ್ಲಿ ಒಬ್ಬರೂ ಹೇಳಿರಲಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ನಡುವಿನಲ್ಲಿಲ್ಲ, ಒಂದು ಪಕ್ಕಕ್ಕೆ ಸರಿದು ಕೂತಿದೆ. ಸ್ಟೈಲಿಗೆ ಅಂದುಕೊಂಡಿದ್ದೆ. ಅಲ್ಲ. ಅದು ಪಕ್ಕಕ್ಕೆ ಹೋದದ್ದರಿಂದ ಎಂಜಿನ್ನಿಗೆ ಗಾಳಿ ಕೊಡುವ ಡಬ್ಬಕ್ಕೆ ಹೆಚ್ಚು ಜಾಗ ಸಿಕ್ಕಿತು, ಸೀಟು ತಗ್ಗಿತು. ಈಗ 800 ಮಿಲಿಮೀಟರ್. ಐದಡಿ ಐದಿಂಚಿನ ನನಗೆ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗುತ್ತದೆ. ಹಳೇ ಡ್ಯೂಕಿನ ಮೇಲೆ ನಾನು ಕೂತರೆ ಬ್ಯಾಲೆ ಡಾನ್ಸರ್ ಆಗುತ್ತಿದ್ದೆ. ಪುಸ್ತಕದ ಮೂರನೇ ಮಾತು, "ನಿನ್ನ ಎತ್ತರಕ್ಕೆ ಡ್ಯೂಕ್ ಆಗಲ್ಲ", ಅವತ್ತು ಶೋರೂಮಿನಲ್ಲೇ ಅಡ್ಡಗೆರೆ ಕಂಡಿತು.

ಶಕ್ತಿಯ ವಿಷಯದಲ್ಲಿ ಹೆಚ್ಚು ಮಾತಾಡಿದವನು ಮೊದಲ ತಲೆಮಾರಿನ 390 ಇಟ್ಟುಕೊಂಡಿರುವ ಗೆಳೆಯ. ಅವನ ವಾದ: "ನಂದು ಹಗುರ. ನಂದರಲ್ಲಿ ಹುಚ್ಚು ಇದೆ. ಇದು ಸಂಸಾರಸ್ಥ ಆಗಿದೆ." ಅರ್ಧ ನಿಜ. ಎಂಜಿನ್ 373 ಸಿಸಿಯಿಂದ 399ಕ್ಕೆ ಏರಿದೆ. ಪಿಸ್ಟನ್ ಅಗಲ ಅದೇ 89 ಮಿಲಿಮೀಟರ್. ಅದು ಮೇಲೆ ಕೆಳಗೆ ಓಡಾಡುವ ದೂರ ಮಾತ್ರ 60ರಿಂದ 64 ಆಯಿತು. ಈ ನಾಲ್ಕು ಮಿಲಿಮೀಟರಿನಲ್ಲೇ ಎಲ್ಲ ಇದೆ. ಅವನದರಲ್ಲಿ 35 ನ್ಯೂಟನ್ ಮೀಟರ್ ಎಳೆತ ನಿಮಿಷಕ್ಕೆ ಸುಮಾರು 7,000 ಸುತ್ತಿನಲ್ಲಿ, ಅಂದರೆ 7,000 ಆರ್‌ಪಿಎಂನಲ್ಲಿ ಸಿಗುತ್ತಿತ್ತು. ಇದರಲ್ಲಿ 39, ಅದೂ 6,500ರಲ್ಲೇ. ಕಾಗದದ ಮೇಲೆ ಏನೂ ಅಲ್ಲ. ನಾಗರಭಾವಿ ಸರ್ಕಲ್ಲಿನಲ್ಲಿ ಬಸ್ಸನ್ನು ದಾಟುವಾಗ ಗೊತ್ತಾಗುತ್ತದೆ: ಅವನದನ್ನು ಕಿರುಚಿಸಬೇಕು, ನನ್ನದಕ್ಕೆ ಒಂದು ಮಾತು ಹೇಳಿದರೆ ಸಾಕು. ಗಾಡಿ ಬದಲಾಯಿಸಿಕೊಂಡು ಓಡಿಸಿ ಬಂದ ಮೇಲೆ ಅವನು ಹೆಲ್ಮೆಟ್ ತೆಗೆದು, "ಚೆನ್ನಾಗಿದೆ, ಆದ್ರೂ..." ಅಂದ. ಆ 'ಆದ್ರೂ' ಇನ್ನೂ ಮುಗಿದಿಲ್ಲ.

ಹೊಸ ಎಂಜಿನ್ ಪಳಗಿಸುವ ರನ್ನಿಂಗ್ ಇನ್‌ಗೆ ಮೈಸೂರಿಗೆ ಹೋದೆ, ಚಿಕ್ಕಪ್ಪನಿಗೆ ತೋರಿಸಿದ ಹಾಗೂ ಆಯಿತು ಅಂತ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ ಬೈಕು ಇಳಿಸುವ ಹಾಗಿಲ್ಲ. 46 ಪಿಎಸ್ ಇಟ್ಟುಕೊಂಡು ಸರ್ವಿಸ್ ರೋಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋದೆ. ನಗು ಬರುತ್ತದೆ, ಆದರೆ ಹೊಸ ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೇ ವೇಗದಲ್ಲಿ ಹೋಗಲು ಆಗುವುದೇ ಇಲ್ಲ. ಗೇರ್ ಏರಿಸು, ಇಳಿಸು, ಮತ್ತೆ ಏರಿಸು. ಮೊದಲ ಸಾವಿರ ಕಿಲೋಮೀಟರ್ ನಾನು 6,000 ಆರ್‌ಪಿಎಂ ದಾಟಲಿಲ್ಲ.

ಬಿದ್ದದ್ದು ಆಮೇಲೆ. ಓಡುವಾಗ ಅಲ್ಲ, ತಿರುಗಿಸುವಾಗ. ನಮ್ಮ ಬೀದಿಯ ಏರಿನಲ್ಲಿ ಯೂ ಟರ್ನ್ ಹಾಕುತ್ತಿದ್ದೆ. ಯೂನಿಕಾರ್ನ್ ಅಭ್ಯಾಸ, ಎರಡನೇ ಗೇರಿನಲ್ಲೇ ನಿಧಾನ ಮಾಡಿದೆ. ಟಕ್ ಅಂತ ಒಂದು ಸದ್ದು, ಎಂಜಿನ್ ಆಫ್, ಮುಂದಿನ ಕ್ಷಣ 168 ಕೆಜಿಯ ಗಾಡಿ ಎಡಕ್ಕೆ ಮಲಗಿತ್ತು. ಕ್ಲಚ್ ಲಿವರ್ ತುದಿ ಬಾಗಿತು, ಹ್ಯಾಂಡಲ್ ತುದಿಗೆ ಗೀರು. ಎದುರು ಮನೆಯ ಹುಡುಗ ಓಡಿ ಬಂದು ಎತ್ತಲು ಕೈ ಕೊಟ್ಟು, "ಅಂಕಲ್, ಹೊಸದಾ?" ಅಂತ ಕೇಳಿದ. ಬಿದ್ದದ್ದಕ್ಕಿಂತ ಅಂಕಲ್ ಅಂದದ್ದು ಜಾಸ್ತಿ ನೋಯಿತು.

ತಪ್ಪು ನನ್ನದೇ. ಇಷ್ಟು ದೊಡ್ಡ ಒಂಟಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಮಾತ್ರ ಒದೆಯುತ್ತದೆ. 2,000 ಆರ್‌ಪಿಎಂ ಅಂದರೆ ಸೆಕೆಂಡಿಗೆ ಹೆಚ್ಚು ಕಡಿಮೆ ಹದಿನೇಳು ಒದೆತ. ಒಂದು ಒದೆತಕ್ಕೂ ಇನ್ನೊಂದಕ್ಕೂ ನಡುವೆ ಗಾಡಿ ಮೊಮೆಂಟಮ್ ಮೇಲೆ ಬದುಕಬೇಕು. ನಿಧಾನವಾಗಿ, ಏರಿನಲ್ಲಿ, ತಿರುವಿನಲ್ಲಿ ಆ ಮೊಮೆಂಟಮ್ ಇರುವುದಿಲ್ಲ. "ಕೆಳಗಡೆ ಒದ್ದಾಡುತ್ತೆ" ಅಂತ ಪುಸ್ತಕದಲ್ಲಿ ಇಬ್ಬರು ಹೇಳಿದ್ದರು. ಓದಿದ್ದೆ, ಕಲಿತಿರಲಿಲ್ಲ. ಈಗ ಯೂ ಟರ್ನ್ ಅಂದರೆ ಮೊದಲನೇ ಗೇರು, ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಸ್ವಲ್ಪ ಕಾಲು, ಆಕ್ಸಿಲರೇಟರ್ ಒಂದೇ ಸಮ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಇಟ್ಟಿಗೆ ಇಟ್ಟುಕೊಂಡು ಎಂಟು ಆಕಾರ ಹಾಕಿ ಹಾಕಿ ಕಲಿತದ್ದು.

ಇನ್ನೊಂದು ಮಾತು ಹೆಚ್ಚುಕಡಿಮೆ ಎಲ್ಲರದೂ: "ಸಸ್ಪೆನ್ಷನ್ ಕಲ್ಲು." ಮೊದಲ ತಿಂಗಳು ನನಗೂ ಹಾಗೇ ಅನ್ನಿಸಿತು. ಒಂದು ದಿನ ಮನೆಯ ಗೇಜ್ ಹಾಕಿ ನೋಡಿದರೆ ಎರಡೂ ಟೈರಿನಲ್ಲಿ 40 ಪಿಎಸ್ಐ! ಯಾವುದೋ ಬಂಕಿನ ಹುಡುಗ ಕಾರಿಗೆ ತುಂಬಿಸುವ ಉತ್ಸಾಹದಲ್ಲಿ ನನ್ನದಕ್ಕೂ ತುಂಬಿಸಿದ್ದ. ನಾನು ನೋಡಿರಲಿಲ್ಲ. ಕೈಪಿಡಿ ಹೇಳಿದಷ್ಟಕ್ಕೆ ಇಳಿಸಿದ ಮೇಲೆ ಅರ್ಧ ಕಲ್ಲು ಕರಗಿತು.

ಉಳಿದರ್ಧಕ್ಕೆ ಒಂದು ವಾರ ಬೇಕಾಯಿತು. ಮುಂದಿನ 43 ಮಿಲಿಮೀಟರ್ ಫೋರ್ಕಿನ ತಲೆಯ ಮೇಲೆ ಎರಡು ತಿರುಪುಗಳಿವೆ. ಒಂದು ಕಡೆಯದು ಕಂಪ್ರೆಶನ್: ಗುಂಡಿ ಬಂದಾಗ ಎಷ್ಟು ಬೇಗ ಕುಸಿಯಬೇಕು. ಇನ್ನೊಂದು ಕಡೆ ರೀಬೌಂಡ್: ಕುಸಿದದ್ದು ಎಷ್ಟು ಬೇಗ ಏಳಬೇಕು. ಒಂದೊಂದಕ್ಕೂ ಐದು ಕ್ಲಿಕ್. ನಾನು ಮಾಡಿದ್ದು ಇಷ್ಟೆ. ನಾಗರಭಾವಿ ರಿಂಗ್ ರೋಡಿನಲ್ಲಿ ನಾಲ್ಕು ಕಿಲೋಮೀಟರ್ ಆರಿಸಿಕೊಂಡೆ. ಅಲ್ಲಿನ ಪ್ರತಿ ಹಂಪೂ ನನಗೆ ಪರಿಚಯ. ಒಂದು ಸಲಕ್ಕೆ ಒಂದೇ ತಿರುಪು, ಒಂದೇ ಕ್ಲಿಕ್. ಓಡಿಸು, ನಿಲ್ಲಿಸು, ಬರೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಮೊದಲ ದಿನ ಹಾಗೇ ಮಾಡಿ ಒಂದು ಸಂಜೆ ಹಾಳು ಮಾಡಿಕೊಂಡಿದ್ದೆ.

ಕಂಪ್ರೆಶನ್ ಎರಡು ಕ್ಲಿಕ್ ಮೆತ್ತಗೆ ಮಾಡಿದಾಗ ಮುಂಗೈ ನೋವು ಹೋಯಿತು. ರೀಬೌಂಡ್ ಒಂದು ಕ್ಲಿಕ್ ಸಡಿಲ ಮಾಡಿದಾಗ ಸಾಲು ಹಂಪುಗಳ ಮೇಲೆ ಮುಂದಿನ ಚಕ್ರ ಪ್ರತಿ ಸಲವೂ ಪೂರ್ತಿ ಎದ್ದು ಮುಂದಿನದಕ್ಕೆ ರೆಡಿಯಾಗತೊಡಗಿತು. ಇನ್ನೊಂದು ಕ್ಲಿಕ್ ಹೋದೆ, ಕುದುರೆ ಥರ ಕುಣಿಯಿತು. ವಾಪಸ್. ಹಿಂದಿನ ಸ್ಪ್ರಿಂಗಿನ ಬಿಗಿಯನ್ನೂ ನನ್ನ 62 ಕೆಜಿಗೆ ತಕ್ಕಂತೆ ಒಂದು ಮೆಟ್ಟಿಲು ಇಳಿಸಿದೆ. ಸಸ್ಪೆನ್ಷನ್ ಕಲ್ಲು ಅಂದವರಲ್ಲಿ ಆ ತಿರುಪು ಮುಟ್ಟಿದವರು ಒಬ್ಬರೂ ಇರಲಿಲ್ಲ, ಆಮೇಲೆ ಕೇಳಿ ಖಾತ್ರಿ ಮಾಡಿಕೊಂಡೆ. ನಾಚಿಕೆಯಿಂದ ಹೇಳುತ್ತೇನೆ, ಎಲ್ಲರಿಗೂ ಫೋನ್ ಮಾಡಿದೆ.

ಆಗುಂಬೆಗೆ ಹೋದದ್ದು ಅಕ್ಟೋಬರ್ ಕೊನೆಯಲ್ಲಿ, ಟ್ರಯಂಫ್ ಸ್ಪೀಡ್ 400 ಇರುವ ಗೆಳತಿಯ ಜೊತೆ. ಅದೂ ಇದೂ ಎರಡೂ ಪುಣೆ ಹತ್ತಿರದ ಚಾಕಣದಲ್ಲಿ ಬಜಾಜ್ ಕಟ್ಟುವ ಗಾಡಿಗಳು, ಒಂದೇ ಊರಿನ ಇಬ್ಬರು ಮಕ್ಕಳು. ಅವಳದು 40 ಪಿಎಸ್, 37.5 ನ್ಯೂಟನ್ ಮೀಟರ್. ಮಾರುಕಟ್ಟೆಗೆ ಬಂದಾಗ ಅದರ ಬೆಲೆ 2.33 ಲಕ್ಷ, ನನ್ನದರದು 3.11. ಮುಕ್ಕಾಲು ಲಕ್ಷ ಎಲ್ಲಿ ಹೋಯಿತು ಅನ್ನುವುದು ಅವಳ ಮಾಮೂಲಿ ಪ್ರಶ್ನೆ. ಸೋಮೇಶ್ವರದ ಕಡೆ ಇಳಿಯುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಐದನೆಯದರ ಹೊತ್ತಿಗೆ ಮಳೆ ಹಿಡಿಯಿತು. ರೈನ್ ಮೋಡ್ ಹಾಕಿದೆ. ಆಕ್ಸಿಲರೇಟರ್ ಒಮ್ಮೆಲೇ ಸೌಮ್ಯವಾಯಿತು. ಒಂದು ತಿರುವಿನ ಒಳಗೆ, ಗಾಡಿ ಬಾಗಿರುವಾಗಲೇ, ಎದುರಿಗೆ ಬಸ್ಸು. ಬಾಗಿದಾಗ ಮುಂದಿನ ಬ್ರೇಕ್ ಹಿಡಿಯಬಾರದು ಅಂತ ಗೊತ್ತಿದ್ದೂ ಹಿಡಿದೆ. ಬೆರಳಿಗೆ ಲಿವರಿನ ಸಣ್ಣ ನಡುಕ ತಿಳಿಯಿತು, ಗಾಡಿ ಸ್ವಲ್ಪ ಮೇಲೆದ್ದಿತು, ಅದರ ದಾರಿ ಬಿಡಲಿಲ್ಲ. ಬಾಗಿದಾಗ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಕಾರ್ನರಿಂಗ್ ಎಬಿಎಸ್ ಅನ್ನುವ ಪದವನ್ನು ಅಲ್ಲಿಯವರೆಗೆ ಕರಪತ್ರದಲ್ಲಿ ಮಾತ್ರ ಓದಿದ್ದೆ. ಕೆಳಗೆ ನಿಲ್ಲಿಸಿ ಟೀ ಕುಡಿಯುವಾಗ ಕೈ ಸ್ವಲ್ಪ ಅಲುಗುತ್ತಿತ್ತು. ಮುಕ್ಕಾಲು ಲಕ್ಷ ಎಲ್ಲಿ ಹೋಯಿತು ಅಂತ ಹೇಳಿದೆ. ಅವಳು, "ನೀನು ನಿಧಾನ ಬಂದಿದ್ರೆ ಅದೂ ಉಳೀತಿತ್ತು" ಅಂದಳು.

ಮೇಲೆ ಹತ್ತುವಾಗ ಗಾಡಿ ಬದಲಾಯಿಸಿದೆವು. ಅವಳ ಟ್ರಯಂಫ್ ಕೆಳಗಿನ ವೇಗದಲ್ಲಿ ಬೆಣ್ಣೆ, ಬೆನ್ನಿಗೂ ಹಿತ. ನಿಂತಲ್ಲಿ ನೋಡಲು ಅದೇ ಚೆಂದ, ಇದನ್ನು ಒಪ್ಪಿಕೊಳ್ಳಲು ನನಗೇನೂ ಸಂಕಟವಿಲ್ಲ. ತಿರುವು ಬಂತೆಂದರೆ ನನ್ನದು ನಾನು ನೋಡಿದ ಕಡೆಗೆ ತಾನೇ ಹೊರಟುಬಿಡುತ್ತದೆ.

ಟಾಪ್ ಸ್ಪೀಡ್ ಬಗ್ಗೆ ಪುಸ್ತಕದಲ್ಲಿ ಮೂರು ಮಾತಿವೆ. ಮೂರನ್ನೂ ಪರೀಕ್ಷೆ ಮಾಡಿಲ್ಲ. ನಾಲ್ಕು ಲೇನಿನ ಹೆದ್ದಾರಿಯಲ್ಲೂ ಬೈಕಿಗೆ ಮಿತಿ 80. ಅದಕ್ಕಿಂತ ಸ್ವಲ್ಪ ಮೇಲೆ ಹೋದರೇ ಎದೆಗೆ ಗಾಳಿ ದಿಂಬಿನಂತೆ ಬಡಿಯತೊಡಗುತ್ತದೆ, ನೇಕೆಡ್ ಬೈಕಿಗೆ ತೆರುವ ಬಾಡಿಗೆ ಅದು. ನಿಂತಲ್ಲಿಂದ ಚಿಮ್ಮಿ ಹೊರಡಲು ಇರುವ ಲಾಂಚ್ ಕಂಟ್ರೋಲನ್ನು ಒಂದು ಸಲವೂ ಮುಟ್ಟಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಯಾರ ಜೊತೆ ರೇಸು? ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್ ಮಾತ್ರ ದಿನಾ ಬೇಕು. ಬಿಸಿಯ ದೂರು ಇದ್ದದ್ದೇ, ಜಾಮಿನಲ್ಲಿ ಫ್ಯಾನ್ ತಿರುಗಿದರೆ ಕಾಲಿಗೆ ತಿಳಿಯುತ್ತದೆ, ದಪ್ಪ ಜೀನ್ಸ್ ಹಾಕುತ್ತೇನೆ. ಮೈಲೇಜು ನನ್ನ ಕೈಯಲ್ಲಿ 27ರ ಆಸುಪಾಸು, ಟ್ಯಾಂಕು 15 ಲೀಟರ್. ಆನ್‌ರೋಡ್ ನಾಲ್ಕು ಲಕ್ಷದ ಹತ್ತಿರ ಬಂತು. ಮನೆಯಲ್ಲಿ ಹೇಳಿದ್ದು ಬೇರೆ.

ಹನ್ನೊಂದನೇ ಮಾತು ಅಮ್ಮನದು. "ಹಿಂದೆ ಕೂತ್ಕೊಳ್ಳೋಕೆ ಆಗುತ್ತೋ ಇಲ್ವೋ ಅದು ಹೇಳು." ಟಾಪ್ ಸ್ಪೀಡ್ ಬಿಟ್ಟು ಉಳಿದ ಎಲ್ಲವನ್ನೂ ಪರೀಕ್ಷೆ ಮಾಡಿ ಇದನ್ನು ಮಾತ್ರ ಮುಂದೂಡುತ್ತಿದ್ದೆ. ಹೋದ ತಿಂಗಳು ಶಿವಗಂಗೆಗೆ ಹೊರಟೆವು. ಆಸ್ಟ್ರಿಯಾದ ಡಿಸೈನರ್‌ಗಳು ಅಷ್ಟು ಚೂಪಾಗಿ ಎಳೆದ ಬಾಲದ ಕೆಳಗೆ ನಮ್ಮ ಕಾನೂನಿನ ಸೀರೆ ಗಾರ್ಡ್ ಇದೆ. ತುಂಬಾ ಜನ ಬಿಚ್ಚಿಸುತ್ತಾರೆ, ನಾನು ಬಿಟ್ಟಿದ್ದೆ. ಹಿಂದಿನ ಸೀಟು ಅಂಗೈ ಅಗಲ, ಮುಂದಿನದಕ್ಕಿಂತ ಒಂದು ಮೆಟ್ಟಿಲು ಎತ್ತರ. ಅಮ್ಮ ಅದರ ಮೇಲೆ ಕೂತು ನನ್ನ ಭುಜವನ್ನು ಹಿಡಿದಳು ಅನ್ನುವುದಕ್ಕಿಂತ ಕಿವುಚಿದಳು. ಹಿಂದಿನ ಸ್ಪ್ರಿಂಗನ್ನು ಮತ್ತೆ ಎರಡು ಮೆಟ್ಟಿಲು ಬಿಗಿ ಮಾಡಿದ್ದೆ, ನೆಲಮಂಗಲದವರೆಗೆ ಮೂರನೇ ಗೇರು ದಾಟಿಸದೆ ಬಂದೆ, ಹಂಪುಗಳಲ್ಲಿ ಹೆಣ್ಣು ನೋಡಲು ಹೋಗುವವನ ಹಾಗೆ ನಿಧಾನ ಮಾಡಿದೆ.

ದೇವಸ್ಥಾನದ ಹತ್ತಿರ ಇಳಿದು ಸೀರೆ ಸರಿಮಾಡಿಕೊಂಡಳು. ಗಾಡಿಯನ್ನು ಒಂದು ಸುತ್ತು ನೋಡಿದಳು. ಕಿತ್ತಳೆ ಚಕ್ರ ಚೆನ್ನಾಗಿದೆ ಅಂದಳು. ಪೂಜೆ ಮುಗಿಸಿ ಬಂದಾಗ ನಾನು ಹೆಲ್ಮೆಟ್ ಚಾಚಿದೆ. ಅವಳು ಬ್ಯಾಗಿನಿಂದ ಆಧಾರ್ ಕಾರ್ಡ್ ತೆಗೆಯುತ್ತಿದ್ದಳು.

"ನೀನು ಹೋಗ್ತಾ ಇರು. ನಮಗೆ ಬಸ್ಸು ಫ್ರೀ ಅಲ್ವಾ."