ನಾಳೆ ದೆಹಲಿಯ ಗಾಳಿ ಹೇಗಿರುತ್ತದೆ? ಮೇಲೆ ನೋಡಿ ಅಂದಾಜು ಮಾಡಿ

ದೆಹಲಿಯಲ್ಲಿ ಜುಲೈನಲ್ಲೂ ವಾಹನಗಳು ಓಡುತ್ತವೆ, ಜನವರಿಯಲ್ಲೂ ಓಡುತ್ತವೆ. ಆದರೆ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಚಳಿಗಾಲದಲ್ಲೇ ಜಾಸ್ತಿ. ಪಂಜಾಬಿನ ಭತ್ತದ ಕೂಳೆಗೆ ಬೆಂಕಿ ಇಡುವುದು ನವೆಂಬರ್ ಮುಗಿಯುವ ಹೊತ್ತಿಗೆ ಹೆಚ್ಚೂಕಮ್ಮಿ ನಿಂತಿರುತ್ತದೆ. ಹಾಗಾದರೆ ಜನವರಿಯಲ್ಲಿ ಯಾಕೆ? ಬಹುಪಾಲು ಉತ್ತರ ತಲೆಯ ಮೇಲಿದೆ. ಅದನ್ನು ಓದಲು ಒಂದು ಫೋನ್ ಸಾಕು.

ಮೊದಲು ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ, ಪಕ್ಕಕ್ಕಿಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಕೊಡುವ ಆ ಅಂಕಿ ಹಿಂದಿನ 24 ಗಂಟೆಗಳ ಸರಾಸರಿ. ನಿಮಗೆ ಬೇಕಾದ್ದು ಗಂಟೆಗಂಟೆಯ ಪಿಎಂ 2.5, ಅಂದರೆ ಗಾಳಿಯಲ್ಲಿರುವ ತೀರಾ ಸಣ್ಣ ಕಣಗಳ ಪ್ರಮಾಣ. ಚಳಿಗಾಲದಲ್ಲಿ ಸಾಮಾನ್ಯವಾಗಿ ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಮಧ್ಯಾಹ್ನವೂ ಇಳಿಯದಿದ್ದರೆ ಮೇಲೇನೋ ಅಡ್ಡ ಕೂತಿದೆ ಅಂತ ಲೆಕ್ಕ.

ಆ ಅಡ್ಡವನ್ನು ಬಲೂನು ತೋರಿಸುತ್ತದೆ. ಹವಾಮಾನ ಇಲಾಖೆ ಬೆಳಿಗ್ಗೆ, ಸಂಜೆ 5:30ರ ಲೆಕ್ಕಕ್ಕೆ ಉಪಕರಣ ಕಟ್ಟಿದ ಬಲೂನು ಹಾರಿಸುತ್ತದೆ, ಅದು ಮೇಲೇರುತ್ತಾ ಉಷ್ಣಾಂಶ ಅಳೆಯುತ್ತದೆ. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಆ ಅಂಕಿಗಳು ಪುಕ್ಕಟೆ ಸಿಗುತ್ತವೆ. ದೆಹಲಿಯ ಕೇಂದ್ರದ ಸಂಖ್ಯೆ 42182, ಬೆಂಗಳೂರಿಗಾದರೆ 43295. ಅಲ್ಲಿ ಸಮಯ ಗ್ರೀನಿಚ್ ಲೆಕ್ಕದಲ್ಲಿರುತ್ತದೆ, 00 ಝಡ್ ಅಂದರೆ ನಮ್ಮ ಬೆಳಗಿನ 5:30. ಪಟ್ಟಿ ನೋಡಿ ಗಾಬರಿಯಾಗಬೇಡಿ, ಎರಡನೇ ಸಾಲಿನ ಎತ್ತರ, ಮೂರನೇ ಸಾಲಿನ ಉಷ್ಣಾಂಶ ಇವೆರಡೇ ಸಾಕು (ಸಾಲು ಅಂದರೆ ಇಲ್ಲಿ ಮೇಲಿನಿಂದ ಕೆಳಕ್ಕೆ ಓದುವುದು). ಮಾಮೂಲಾಗಿ ಮೇಲೆ ಹೋದಂತೆ ತಂಪಾಗಬೇಕು, ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ. ಅದರ ಬದಲು ನೆಲದ ಹತ್ತಿರ 8 ಡಿಗ್ರಿ ಇದ್ದು ಇನ್ನೂರು ಮೀಟರ್ ಮೇಲೆ 13 ಅಂತ ಕಂಡರೆ ಅದೇ ಮುಚ್ಚಳ. ಕೆಳಗಿನ ತಣ್ಣನೆಯ, ಭಾರದ ಗಾಳಿ ಅದನ್ನು ತಳ್ಳಿಕೊಂಡು ಮೇಲೇಳಲಾರದು. ಹೊಗೆಯೂ ಅಲ್ಲೇ.

ಈಗ ಒಂದು ಗುಣಾಕಾರ. ಹೊಗೆ ಎಷ್ಟು ಎತ್ತರದವರೆಗೆ ಬೆರೆಯುತ್ತದೋ ಆ ಮೀಟರನ್ನು ಗಾಳಿಯ ವೇಗದಿಂದ (ಸೆಕೆಂಡಿಗೆ ಎಷ್ಟು ಮೀಟರ್) ಗುಣಿಸಿ. 400 ಮೀಟರ್, ವೇಗ 2 ಆದರೆ 800. ಬೇಸಿಗೆ ಮಧ್ಯಾಹ್ನ 3000 ಮೀಟರ್, ವೇಗ 4 ಆದರೆ 12000. ಇದು 6000ಕ್ಕಿಂತ ಕಡಿಮೆ ಇದ್ದು, ಗಾಳಿಯೂ ಗಂಟೆಗೆ 10 ಕಿಲೋಮೀಟರ್ ಮುಟ್ಟದಿದ್ದರೆ ಹೊಗೆ ಚದುರುವುದು ಕಷ್ಟ ಅಂತ ದೆಹಲಿಯ ಮುನ್ಸೂಚನೆಗಳು ಹೇಳುತ್ತವೆ.

ಇನ್ನೂ ಮೇಲೆ ಹೋಗೋಣ. ಗಾಳಿಯ ನಕ್ಷೆ ತೋರಿಸುವ ವಿಂಡಿ ಆ್ಯಪ್‌ನಲ್ಲಿ ಎತ್ತರವನ್ನು 1500 ಮೀಟರಿಗೆ ಏರಿಸಿ, ಗಾಳಿ ಎಲ್ಲಿಂದ ಬರುತ್ತಿದೆ ನೋಡಿ. ನವೆಂಬರಿನಲ್ಲಿ ವಾಯವ್ಯದಿಂದ ಬಂದರೆ ಕೂಳೆಯ ಹೊಗೆ, ಮೇ-ಜೂನಿನಲ್ಲಿ ಪಶ್ಚಿಮದಿಂದ ಬಂದರೆ ರಾಜಸ್ಥಾನದ ಧೂಳು. ಹೀಗೆ ಮೇಲ್ಪದರದಲ್ಲಿ ಬಂದ ಹೊಗೆ ರಾತ್ರಿಯಿಡೀ ಮುಚ್ಚಳದ ಮೇಲೆ ತೇಲುತ್ತಾ ಇರುತ್ತದೆ. ಬಿಸಿಲೇರಿ ಮುಚ್ಚಳ ಒಡೆದಾಗ ಗಾಳಿ ಮೇಲೆ ಕೆಳಗೆ ಕಲಕಿ, ಅದು ನೆಲಕ್ಕೆ ಇಳಿಯುತ್ತದೆ. ಸೂರ್ಯ ಬಂದ ಮೇಲೂ ಒಂದೆರಡು ಗಂಟೆ ಅಂಕಿ ಏರುವುದಕ್ಕೆ ಟ್ರಾಫಿಕ್ ಜೊತೆ ಇದೂ ಕಾರಣ. ಬೆಳಗಿನ ವಾಕಿಂಗ್ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇವಲ್ವಾ? ದೆಹಲಿಯ ಚಳಿಗೆ ಆ ಮಾತು ಬೇಡ, ಮಧ್ಯಾಹ್ನ 2ರಿಂದ 4 ವಾಸಿ.

ಕೊನೆಗೆ ಐದೂವರೆ ಕಿಲೋಮೀಟರ್ ಎತ್ತರ, ಅಂದರೆ 500 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ನಕ್ಷೆ. ಅಲ್ಲಿ ಹೆಚ್ಚು ಒತ್ತಡದ ಉಬ್ಬು ಬಂದು ಕೂತರೆ ಗಾಳಿ ಮೆಲ್ಲಗೆ ಕೆಳಗಿಳಿಯುತ್ತದೆ, ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತದೆ, ಮುಚ್ಚಳ ಇನ್ನೂ ಬಿಗಿಯಾಗುತ್ತದೆ. ಪಶ್ಚಿಮದಿಂದ ಕಡಿಮೆ ಒತ್ತಡದ ತಗ್ಗು ಬರುತ್ತಿದ್ದರೆ ಅದು ವೆಸ್ಟರ್ನ್ ಡಿಸ್ಟರ್ಬೆನ್ಸ್, ಚಳಿಗಾಲದಲ್ಲಿ ಉತ್ತರ ಭಾರತಕ್ಕೆ ಮಳೆ ತರುವಂಥದ್ದು. ಮಳೆ ಬರುತ್ತದೆ ಅಂತ ಆಗಲೇ ಖುಷಿಪಡಬೇಡಿ. ಅದು ಹತ್ತಿರ ಬರುವಾಗ ಎಷ್ಟೋ ಸಲ ನೆಲದ ಗಾಳಿ ಸೋಮಾರಿಯಾಗುತ್ತದೆ, ತೇವ ಹೆಚ್ಚುತ್ತದೆ, ಮೋಡ ಬಿಸಿಲು ತಡೆಯುತ್ತದೆ, ಅಂಕಿ ಕೆಡುತ್ತದೆ. ಸುಮ್ನೆ ನಾಲ್ಕು ಹನಿ ಬಿದ್ದರೆ ಪಿಎಂ 2.5ರಂಥ ಸಣ್ಣ ಕಣಗಳಿಗೆ ಏನೂ ಆಗದು. ತಗ್ಗು ದಾಟಿದ ಮೇಲೆ ವಾಯವ್ಯದಿಂದ ಜೋರಾಗಿ ಬೀಸುವ ಒಣಗಾಳಿ ಬರುವುದು ಯಾವ ದಿನ ಅಂತ ನೋಡಿಟ್ಟುಕೊಳ್ಳಿ, ಕಿಟಕಿ ತೆರೆಯುವುದಕ್ಕೆ ಆ ದಿನ ಸರಿ.